ಕಾರಿನ ಬ್ರೇಕ್ ಪ್ಯಾಡ್ ಬದಲಿಸುವುದು: ಹಳೆಯ ಪ್ಯಾಡ್ ಏನು ಹೇಳುತ್ತದೆ ಮೊದಲು ನೋಡಿ

ಹೊಸ ಬ್ರೇಕ್ ಪ್ಯಾಡನ್ನು ಅದರ ಜಾಗದಲ್ಲಿ ಕೂರಿಸುವುದಕ್ಕೆ ಐದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಹೋಗಬೇಕಾದದ್ದು ತುಕ್ಕು ತೆಗೆಯುವುದಕ್ಕೆ, ಪಿನ್ನುಗಳನ್ನು ಸಲೀಸಾಗಿ ಜಾರುವಂತೆ ಮಾಡುವುದಕ್ಕೆ, ಹಳೆಯ ಪ್ಯಾಡ್ ಯಾಕೆ ಹೀಗೆ ಸವೆದಿದೆ ಎಂದು ನೋಡುವುದಕ್ಕೆ. ಅದನ್ನು ಬಿಟ್ಟು ಬರೀ ಪ್ಯಾಡ್ ಬದಲಿಸಿದರೆ, ಹಳೆಯದನ್ನು ತಿಂದ ದೋಷವೇ ಹೊಸದನ್ನೂ ತಿನ್ನುತ್ತದೆ.

ಇಲ್ಲಿ ಹೇಳಿರುವುದು ಬಹುತೇಕ ಕಾರುಗಳ ಮುಂದಿನ ಚಕ್ರದಲ್ಲಿರುವ ಒಂದೇ ಪಿಸ್ಟನ್ನಿನ ಫ್ಲೋಟಿಂಗ್ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ, ಪಿನ್ನಿನ ಮೇಲೆ ಜಾರುವ ಹಿಡಿ) ಬಗ್ಗೆ. ಹಿಂದಿನ ಡಿಸ್ಕ್ ಬ್ರೇಕಿನ ವ್ಯತ್ಯಾಸಗಳನ್ನು ಬೇರೆಯಾಗಿಯೇ ಕೊಟ್ಟಿದೆ. ಡ್ರಮ್ ಬ್ರೇಕ್ ಬೇರೆಯದೇ ಕೆಲಸ, ಅದು ಇಲ್ಲಿಲ್ಲ.

ಮೊದಲು ಇದು ಕೆಲಸ ಮಾಡುವ ರೀತಿ ತಿಳಿದಿರಲಿ. ಪಿಸ್ಟನ್ ಇರುವುದು ಕ್ಯಾಲಿಪರಿನ ಒಳಬದಿಯಲ್ಲಿ, ಅಂದರೆ ಇಂಜಿನ್ ಕಡೆಗೆ. ಪೆಡಲ್ ಒತ್ತಿದಾಗ ಅದು ಒಳ ಪ್ಯಾಡನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಳ್ಳುತ್ತದೆ. ಆ ಪ್ಯಾಡ್ ಡಿಸ್ಕಿಗೆ ತಾಗಿ ನಿಂತ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರ ಪ್ಯಾಡನ್ನು ಎಳೆದು ಡಿಸ್ಕಿನ ಇನ್ನೊಂದು ಮುಖಕ್ಕೆ ಒತ್ತುತ್ತದೆ. ಆ ಪಿನ್ನುಗಳು ಬಿಗಿದುಕೊಂಡರೆ ಎರಡು ಪ್ಯಾಡಿಗೂ ಸಮನಾದ ಒತ್ತಡ ಸಿಗುವುದಿಲ್ಲ. ಬ್ರೇಕಿನ ಅರ್ಧಕ್ಕರ್ಧ ತಕರಾರುಗಳ ಮೂಲ ಇಲ್ಲಿದೆ.

ಪ್ಯಾಡ್ ಮುಗಿಯುತ್ತಿದೆ ಎಂದು ತಿಳಿಯುವುದು

ಅನೇಕ ಪ್ಯಾಡುಗಳಿಗೆ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಮುಗಿಯುವ ಹಂತಕ್ಕೆ ಬಂದಾಗ ಅದು ಡಿಸ್ಕಿಗೆ ತಾಗಿ 'ಕೀಂಯ್' ಎಂದು ಸದ್ದು ಮಾಡುತ್ತದೆ. ಬ್ರೇಕ್ ಒತ್ತದೆ ಹೋಗುವಾಗಲೂ ಈ ಸದ್ದು ಕೇಳಿಸಬಹುದು, ಒತ್ತಿದಾಗ ನಿಲ್ಲಬಹುದು ಅಥವಾ ಬದಲಾಗಬಹುದು. ಇದು ಬದಲಿಸಲು ಬಂದ ಕರೆ, ಇನ್ನೂ ಅಪಾಯವಲ್ಲ. ಬ್ರೇಕ್ ಒತ್ತಿದಾಗ 'ಕರಕರ' ಎಂದು ಕಬ್ಬಿಣ ಉಜ್ಜಿದ ಸದ್ದು ಬಂದರೆ ಪ್ಯಾಡಿನ ಸವೆಯುವ ಭಾಗ ಪೂರ್ತಿ ಹೋಗಿ ಹಿಂದಿನ ಉಕ್ಕಿನ ತಟ್ಟೆ ಡಿಸ್ಕನ್ನು ಕೆರೆಯುತ್ತಿದೆ ಎಂದರ್ಥ. ಆಮೇಲೆ ಗಾಡಿ ಓಡಿಸಬೇಡಿ. ಮಳೆಯಾದ ಮರುದಿನ ಅಥವಾ ಗಾಡಿ ತೊಳೆದು ನಿಲ್ಲಿಸಿದ ಮೇಲೆ ಮೊದಲ ನಾಲ್ಕೈದು ಬ್ರೇಕಿಗೆ ಮಾತ್ರ ಬರುವ ಕೆರೆತ ಡಿಸ್ಕಿನ ಮೇಲಿನ ತೆಳು ತುಕ್ಕಿನದು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಇನ್ನೊಂದು ಸುಳಿವು ಬಾನೆಟ್ ಕೆಳಗಿದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬಂದು ನಿಲ್ಲುತ್ತದೆ, ಅದರ ಹಿಂದೆ ಉಂಟಾದ ಜಾಗವನ್ನು ಬ್ರೇಕ್ ಆಯಿಲ್ ತುಂಬುತ್ತದೆ. ಹಾಗಾಗಿ ಎಲ್ಲೂ ಸೋರಿಕೆ ಇಲ್ಲದಿದ್ದರೂ ಡಬ್ಬಿಯಲ್ಲಿ ಆಯಿಲ್ ಮಟ್ಟ ನಿಧಾನವಾಗಿ ಇಳಿಯುತ್ತದೆ. ಮಟ್ಟ ಕಡಿಮೆಯಾಗಿದೆ ಎಂದು ಕೂಡಲೇ ಆಯಿಲ್ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಮೊದಲು ಪ್ಯಾಡ್ ನೋಡಿ. ಪ್ಯಾಡ್ ದಪ್ಪವಾಗಿಯೇ ಇದ್ದು ಮಟ್ಟ ಇಳಿದಿದ್ದರೆ ಸೋರಿಕೆ ಹುಡುಕಬೇಕು.

ಅಲಾಯ್ ಚಕ್ರದ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಹೊರ ಪ್ಯಾಡ್ ಕಾಣುತ್ತದೆ. ಅಷ್ಟಕ್ಕೇ 'ಇನ್ನೂ ಇದೆ' ಎಂದು ತೀರ್ಮಾನಿಸಬೇಡಿ. ಮೊದಲು ಸವೆಯುವುದು ಹೆಚ್ಚಾಗಿ ಒಳ ಪ್ಯಾಡ್, ಅದು ಸುಲಭಕ್ಕೆ ಕಾಣುವುದಿಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಹಿಂದಿನಿಂದ ನೋಡಿ, ಅಥವಾ ಚಕ್ರ ಬಿಚ್ಚಿ ಕ್ಯಾಲಿಪರಿನ ಮೇಲಿನ ಕಿಂಡಿಯಿಂದ ನೋಡಿ.

ಅಳೆಯಬೇಕಾದದ್ದು ಸವೆಯುವ ವಸ್ತುವನ್ನು ಮಾತ್ರ. ಹಿಂದಿನ ಉಕ್ಕಿನ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ಎಷ್ಟೋ ಜನ ಎಡವುವುದು ಇಲ್ಲೇ. ಮುಂದಿನ ಚಕ್ರದ ಹೊಸ ಪ್ಯಾಡಿನಲ್ಲಿ ಈ ಭಾಗ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸಿ. 2ಕ್ಕಿಂತ ಕೆಳಗಿಳಿದಿದ್ದರೆ ಇನ್ನೊಂದು ವಾರ ಎಂದು ಎಳೆಯಬೇಡಿ. ಸ್ಕೇಲ್ ಒಳಗೆ ಹೋಗದ ಕಡೆ 3 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಬುಡವನ್ನು ಪ್ಯಾಡಿನ ಪಕ್ಕಕ್ಕೆ ಹಿಡಿದರೆ ಕಣ್ಣಳತೆ ತಪ್ಪುವುದಿಲ್ಲ. ಪೂರ್ತಿ ಮುಗಿಯುವ ತನಕ ಯಾಕೆ ಬಳಸಬಾರದು ಎಂದರೆ, ಪಿಸ್ಟನ್ನಿಗೂ ಆಯಿಲಿಗೂ ಡಿಸ್ಕಿನ ಬಿಸಿ ತಾಗದಂತೆ ತಡೆಯುವುದು ಆ ವಸ್ತುವೇ. ತೆಳುವಾದಷ್ಟೂ ಬಿಸಿ ಒಳಗೆ ಹೋಗುತ್ತದೆ. ಮೂಲೆಯಲ್ಲಿ ಎಲ್ಲಾದರೂ ಓರೆಯಾಗಿ ಸವೆದಿದ್ದರೆ ಅತಿ ತೆಳುವಾದ ಜಾಗದ ಅಳತೆಯೇ ಲೆಕ್ಕ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಪ್ಯಾಡನ್ನು ಯಾವಾಗಲೂ ಒಂದು ಆಕ್ಸಲ್ಲಿಗೆ ಪೂರ್ತಿ ಸೆಟ್ ತೆಗೆದುಕೊಳ್ಳಿ: ಎಡಕ್ಕೆ ಎರಡು, ಬಲಕ್ಕೆ ಎರಡು. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಎರಡು ಬದಿಯ ಹಿಡಿತ ಬೇರೆಬೇರೆಯಾಗಿ, ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಕೊಳ್ಳುವಾಗ ಮಾಡೆಲ್ ಹೆಸರಷ್ಟೇ ಹೇಳಿದರೆ ಸಾಲದು. ಒಂದೇ ಮಾಡೆಲ್ಲಿನಲ್ಲಿ ಇಸವಿ, ಇಂಜಿನ್, ಚಕ್ರದ ಅಳತೆಗೆ ತಕ್ಕಂತೆ ಎರಡು ಮೂರು ಬಗೆಯ ಕ್ಯಾಲಿಪರ್ ಬರುವುದುಂಟು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಸೆಟ್ಟಿನಲ್ಲಿ ಪ್ಯಾಡ್ ಕೂರುವ ಸ್ಟೀಲ್ ಕ್ಲಿಪ್ಪುಗಳು ಇವೆಯೇ ನೋಡಿ, ಇಲ್ಲದಿದ್ದರೆ ಬೇರೆಯಾಗಿ ತನ್ನಿ. ಸವೆತದ ಸೆನ್ಸರ್ ವೈರ್ ಇರುವ ಗಾಡಿಯಾದರೆ ಅದೂ ಹೊಸದಿರಲಿ.

ಉಪಕರಣಗಳಲ್ಲಿ ಜಾಕ್, ಗಟ್ಟಿ ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ಮರದ ತುಂಡು, ವೀಲ್ ಸ್ಪ್ಯಾನರ್, ಸಾಕೆಟ್ ಸೆಟ್, ದೊಡ್ಡ ಸಿ ಕ್ಲಾಂಪ್, ತಂತಿ ಬ್ರಷ್, ಚಪ್ಪಟೆ ಅರ, ಟಾರ್ಕ್ ರೆಂಚ್, ದಪ್ಪ ತಂತಿ, ಸಿರಿಂಜ್ ಬೇಕು. ಕ್ಯಾಲಿಪರ್ ಬೋಲ್ಟಿನ ತಲೆ ಹೆಚ್ಚಾಗಿ 12, 13 ಅಥವಾ 14 ಮಿ.ಮೀ., ಕೆಲವು ಗಾಡಿಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಒಳಗೆ 7 ಮಿ.ಮೀ. ಆಲೆನ್ ಕೀ ಹಿಡಿಯುವ ಪಿನ್ ಇರುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ. ಗ್ರೀಸ್ ವಿಷಯದಲ್ಲಿ ರಾಜಿ ಬೇಡ: ಪಿನ್ನಿಗೆ ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್, ಅಥವಾ ಬ್ರೇಕಿಗೆಂದೇ ಬರುವ ಸಿಂಥೆಟಿಕ್ ಗ್ರೀಸ್. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸನ್ನು ಇಲ್ಲಿ ಬಳಸಿದರೆ ರಬ್ಬರ್ ಉಬ್ಬಿ ಪಿನ್ ಬಿಗಿದುಕೊಳ್ಳುತ್ತದೆ, ಮಾಡಿದ ಕೆಲಸವೇ ಮುಂದಿನ ರಿಪೇರಿಗೆ ಕಾರಣವಾಗುತ್ತದೆ.

ಬ್ರೇಕ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರಬಹುದು. ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಏರ್ ಹೊಡೆದು ಧೂಳು ಹಾರಿಸಬೇಡಿ, ಬಾಯಿಂದ ಊದಲೂ ಬೇಡಿ. ಕ್ಲೀನರ್ ಸಿಂಪಡಿಸಿ ತೇವ ಮಾಡಿ ಒರೆಸಿ.

ಗಾಡಿ ಎತ್ತುವುದು, ಕ್ಯಾಲಿಪರ್ ಬಿಚ್ಚುವುದು

ಸಮತಟ್ಟಾದ ಗಟ್ಟಿ ನೆಲ, ಗೇರ್ ಹಾಕಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಟ್ಟಿರಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಮ್ಯಾನುಯಲ್ಲಿನಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ. ಎತ್ತಿದ ಕೂಡಲೇ ಸ್ಟ್ಯಾಂಡ್ ಕೊಡಿ. ಗಾಡಿಯ ಜೊತೆ ಬರುವ ಜಾಕ್ ಟೈರ್ ಬದಲಿಸುವುದಕ್ಕೆ ಮಾತ್ರ, ಅದರ ಮೇಲೆ ಭಾರ ಬಿಟ್ಟು ಕೈ ಒಳಗೆ ಹಾಕುವ ಕೆಲಸ ಯಾರೂ ಮಾಡಬಾರದು. ಬಿಚ್ಚಿದ ಚಕ್ರವನ್ನು ಗಾಡಿಯ ಅಂಚಿನ ಕೆಳಗೆ ಅಡ್ಡ ಮಲಗಿಸಿ, ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ನಿಲ್ಲುತ್ತದೆ.

ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಕ್ಲಿಪ್ ಯಾವ ಕಡೆ ಇತ್ತು ಎಂಬ ಅನುಮಾನ ಬಂದರೆ ಇನ್ನೊಂದು ಬದಿ ನೋಡಿಕೊಳ್ಳಬಹುದು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಎರಡು ಮೂರು ಫೋಟೋ ತೆಗೆದಿಡಿ, ಮುಖ್ಯವಾಗಿ ಆ ಸದ್ದಿನ ನಾಲಿಗೆ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು.

ಸ್ಟೇರಿಂಗ್ ತಿರುಗಿಸಿದರೆ ಕ್ಯಾಲಿಪರಿನ ಬೆನ್ನು ನಿಮ್ಮ ಕಡೆಗೆ ಬರುತ್ತದೆ. ಅಲ್ಲಿ ಎರಡು ಜೋಡಿ ಬೋಲ್ಟ್ ಕಾಣುತ್ತವೆ. ಸಣ್ಣವು ಕ್ಯಾಲಿಪರನ್ನು ಪಿನ್ನಿಗೆ ಹಿಡಿಯುವಂಥವು. ದೊಡ್ಡವು ಬ್ರಾಕೆಟ್ಟನ್ನು, ಅಂದರೆ ಪಿನ್ನು ಪ್ಯಾಡುಗಳು ಕೂರುವ ಚೌಕಟ್ಟನ್ನು, ಹಿಡಿದಿರುವಂಥವು, ಡಿಸ್ಕ್ ತೆಗೆಯುವುದಿಲ್ಲವಾದರೆ ಅವನ್ನು ಮುಟ್ಟಬೇಡಿ. ಸಣ್ಣ ಬೋಲ್ಟ್ ತಿರುಗಿಸುವಾಗ ಪಿನ್ನೂ ಜೊತೆಗೇ ತಿರುಗಿದರೆ ತೆಳು ಸ್ಪ್ಯಾನರಿನಿಂದ ಪಿನ್ನಿನ ತಲೆ ಹಿಡಿದುಕೊಳ್ಳಿ. ಕೆಳಗಿನ ಬೋಲ್ಟ್ ಒಂದನ್ನೇ ತೆಗೆದು ಕ್ಯಾಲಿಪರನ್ನು ಮೇಲಕ್ಕೆ ಮಡಚಿ ಪ್ಯಾಡ್ ಬದಲಿಸುವ ರೂಢಿ ಇದೆ. ಅದರಲ್ಲಿ ಮೇಲಿನ ಪಿನ್ ಪರೀಕ್ಷೆಯಾಗದೆ ಉಳಿದುಬಿಡುತ್ತದೆ, ಹಾಗಾಗಿ ಎರಡನ್ನೂ ಬಿಚ್ಚುವುದೇ ಸರಿ.

ಕ್ಯಾಲಿಪರ್ ಹೊರಗೆ ಬಾರದಿದ್ದರೆ ಸುತ್ತಿಗೆ ಎತ್ತಬೇಡಿ. ಸವೆದ ಡಿಸ್ಕಿನ ಅಂಚಿನಲ್ಲಿ ಎದ್ದ ದಿಂಡು ಪ್ಯಾಡನ್ನು ತಡೆಯುತ್ತಿರುತ್ತದೆ. ದೊಡ್ಡ ಸ್ಕ್ರೂಡ್ರೈವರನ್ನು ಒಳ ಪ್ಯಾಡಿನ ಉಕ್ಕಿನ ತಟ್ಟೆಗೂ ಡಿಸ್ಕಿಗೂ ನಡುವೆ ಕೊಟ್ಟು ಮೆಲ್ಲಗೆ ಮೀಟಿ, ಪಿಸ್ಟನ್ ಒಂದೆರಡು ಮಿ.ಮೀ. ಹಿಂದೆ ಸರಿದರೆ ತಾನಾಗಿ ಬರುತ್ತದೆ. ಹೊರತೆಗೆದ ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ಬ್ರೇಕ್ ಹೋಸಿನ (ಆಯಿಲ್ ಬರುವ ರಬ್ಬರ್ ಕೊಳವೆಯ) ಮೇಲೆ ಜೋತುಬಿಡಬೇಡಿ, ಹೋಸಿನ ಒಳಪದರ ಹರಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ಯಾಲಿಪರ್ ಹೊರಗಿರುವಷ್ಟು ಹೊತ್ತು ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಪಿಸ್ಟನ್ ಹೊರಕ್ಕೆ ಹಾರಿ, ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ.

ಹಳೆಯ ಪ್ಯಾಡ್ ಓದುವುದು

ಒಂದೊಂದು ಬದಿ ತೆಗೆದಂತೆ ಪ್ರತಿ ಪ್ಯಾಡಿನ ಬೆನ್ನಿನ ಮೇಲೆ ಎಡ-ಒಳ, ಎಡ-ಹೊರ ಎಂದು ಮಾರ್ಕರಿನಲ್ಲಿ ಬರೆದು ಸಾಲಾಗಿ ಇಡಿ. ಒಂದೇ ಚಕ್ರದ ಒಳ-ಹೊರ ಪ್ಯಾಡುಗಳ ನಡುವೆ 1 ಮಿ.ಮೀ. ಆಸುಪಾಸಿನ ವ್ಯತ್ಯಾಸ ಸಹಜ. ಒಳಗಿನದು ತುಸು ಹೆಚ್ಚು ಸವೆಯುವುದೂ ಸಹಜ.

ಒಳಗಿನದು 2 ಮಿ.ಮೀ., ಹೊರಗಿನದು 7 ಮಿ.ಮೀ. ಎಂಬಂಥ ಅಂತರವಿದ್ದರೆ ಎರಡರಲ್ಲಿ ಒಂದು: ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರುತ್ತಿಲ್ಲ, ಅಥವಾ ಪಿಸ್ಟನ್ ಹಿಂದಕ್ಕೆ ಸರಿಯುತ್ತಿಲ್ಲ. ಪಿನ್ನುಗಳನ್ನು ಕೈಯಿಂದ ಎಳೆದು ತಳ್ಳಿ ನೋಡಿ. ಸಲೀಸಾಗಿ ಹೋಗಿಬಂದರೆ ತಪ್ಪು ಪಿಸ್ಟನ್ನಿನದು. ಹೊರಗಿನದೇ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಒಳಕ್ಕೆ ಜಾರಿ ಅಲ್ಲೇ ಸಿಕ್ಕಿಕೊಂಡಿದೆ, ಅನುಮಾನವಿಲ್ಲದೆ ಪಿನ್ನಿನ ತೊಂದರೆ.

ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು ಎಂದು ಓರೆಯಾಗಿ ಸವೆದಿದ್ದರೆ ಎರಡು ಪಿನ್ನಿನಲ್ಲಿ ಒಂದು ಮಾತ್ರ ಬಿಗಿದಿದೆ, ಇಲ್ಲವೇ ಪ್ಯಾಡಿನ ಒಂದು ಕಿವಿ (ತಟ್ಟೆಯ ತುದಿಯಲ್ಲಿ ಚಾಚಿಕೊಂಡ ಭಾಗ) ಬ್ರಾಕೆಟ್ಟಿನ ತುಕ್ಕಿನಲ್ಲಿ ಸಿಕ್ಕಿದೆ. ಪ್ಯಾಡ್ ತೆಗೆಯುವಾಗ ಬೆರಳಿಗೆ ಬಾರದೆ ಸ್ಕ್ರೂಡ್ರೈವರ್ ಬೇಕಾಯಿತೇ? ಹಾಗಾದರೆ ಎರಡನೆಯದೇ ಕಾರಣ. ಬ್ರಾಕೆಟ್ಟಿನಲ್ಲಿ ಪ್ಯಾಡ್ ಕೈಯಿಂದ ತಳ್ಳಿದರೆ ಜಾರುವಷ್ಟು ಸಡಿಲವಿರಬೇಕು.

ಒಂದು ಚಕ್ರದ ಎರಡೂ ಪ್ಯಾಡ್ ಮುಗಿದು, ಎದುರು ಚಕ್ರದ್ದು ಚೆನ್ನಾಗಿಯೇ ಇದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ. ಇದರಲ್ಲಿ ಹೆಚ್ಚಿನವರು ನೇರವಾಗಿ ಕ್ಯಾಲಿಪರನ್ನು ದೂರುತ್ತಾರೆ. ಹೋಸ್ ಒಳಗೆ ಊದಿಕೊಂಡು, ಒತ್ತಿದ ಆಯಿಲನ್ನು ವಾಪಸ್ ಬಿಡದಿದ್ದರೂ ಇದೇ ಲಕ್ಷಣ ಬರುತ್ತದೆ. ಪರೀಕ್ಷೆ ಸುಲಭ: ಕ್ಯಾಲಿಪರ್ ಬಿಚ್ಚುವ ಮುನ್ನವೇ, ಚಕ್ರ ಹಿಡಿದುಕೊಂಡಿರುವ ಸ್ಥಿತಿಯಲ್ಲಿ, ಅದರ ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು, ಹೋಸಿನ ಕಡೆ ನೋಡಿ. ಸಡಿಲವಾಗದಿದ್ದರೆ ಪಿಸ್ಟನ್ ಅಥವಾ ಪಿನ್ ಜಾಮ್ ಆಗಿದೆ. ನಿಪ್ಪಲ್ ತೆರೆದ ಮೇಲೆ ಬ್ರೇಕಿನ ಗಾಳಿ ತೆಗೆಯಲೇಬೇಕು ಎಂಬುದು ನೆನಪಿರಲಿ.

ಪ್ಯಾಡಿನ ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅತಿ ಬಿಸಿಯಾಗಿ ಗಡುಸಾಗಿದೆ. ಅಂಚು ಉದುರುತ್ತಿದ್ದರೆ, ವಸ್ತು ತಟ್ಟೆಯಿಂದ ಬಿಟ್ಟುಕೊಂಡಿದ್ದರೆ ಎಷ್ಟೇ ದಪ್ಪ ಉಳಿದಿರಲಿ ಎಸೆಯಿರಿ. ಎಣ್ಣೆ, ಗ್ರೀಸ್ ಕುಡಿದ ಪ್ಯಾಡನ್ನು ಎಮೆರಿ ಕಾಗದದಲ್ಲಿ ಉಜ್ಜಿ ಉಳಿಸಿಕೊಳ್ಳಲು ನೋಡಬೇಡಿ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಮೊದಲು ಆ ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿ: ಪಿಸ್ಟನ್ ಸೀಲಿನಿಂದಲೋ, ಆಕ್ಸಲ್ ಬೂಟ್ ಹರಿದು ಹಾರಿದ ಗ್ರೀಸೋ.

ಡಿಸ್ಕ್ ನೋಡದೆ ಮುಂದೆ ಹೋಗಬೇಡಿ

ಡಿಸ್ಕಿಗೆ ಕನಿಷ್ಠ ದಪ್ಪ ಎಂದಿರುತ್ತದೆ, ಹೆಚ್ಚಾಗಿ ಅದರ ನಡುಭಾಗದಲ್ಲೋ ಅಂಚಿನಲ್ಲೋ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರಿನಿಂದ ಸುತ್ತಲೂ ಆರೇಳು ಕಡೆ ಅಳೆಯಿರಿ. ವರ್ನಿಯರ್ ಮಾತ್ರ ಇದ್ದರೆ ಅಂಚಿನ ದಿಂಡು ಅಡ್ಡ ಬಂದು ಅಳತೆ ಹೆಚ್ಚು ತೋರಿಸುತ್ತದೆ. ಡಿಸ್ಕಿನ ಎರಡು ಮುಖಕ್ಕೂ ಒಂದೊಂದು ನಾಣ್ಯ ಇಟ್ಟು ಅಳೆದು, ಎರಡು ನಾಣ್ಯದ ದಪ್ಪ ಕಳೆಯಿರಿ. ಕನಿಷ್ಠ ಮಿತಿಗೆ ಹತ್ತಿರ ಬಂದಿದ್ದರೆ ಹೊಸ ಪ್ಯಾಡಿನ ಅರ್ಧ ಆಯುಷ್ಯದಲ್ಲೇ ಮಿತಿ ದಾಟುತ್ತದೆ, ಈಗಲೇ ಜೋಡಿಯಾಗಿ ಬದಲಿಸುವುದು ಜಾಣತನ. ಹೊರ ಅಂಚಿನಿಂದ ಒಳಕ್ಕೆ ಓಡುವ ಬಿರುಕು ಇದ್ದರೆ ಅಳತೆಯ ಮಾತೇ ಇಲ್ಲ, ಬದಲಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದರೆ ಹೊಸ ಪ್ಯಾಡ್ ಪೂರ್ತಿ ತಾಗುವುದಿಲ್ಲ.

ಹೊಸ ಡಿಸ್ಕ್ ಹಾಕುವುದಾದರೆ ಎರಡು ಮಾತು. ತುಕ್ಕು ಹಿಡಿಯದಿರಲು ಅದಕ್ಕೆ ಎಣ್ಣೆ ಬಳಿದಿರುತ್ತಾರೆ, ಕ್ಲೀನರಿನಿಂದ ಎರಡೂ ಮುಖ ಒರೆಸಿ. ಅದು ಕೂರುವ ಹಬ್ಬಿನ (ಚಕ್ರ ಕೂರುವ ನಡುಭಾಗದ) ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವ ತನಕ ಉಜ್ಜಿ. ಹಬ್ಬಿನಲ್ಲಿ ಉಳಿದ ಸಣ್ಣ ತುಕ್ಕಿನ ಚಕ್ಕೆ ಡಿಸ್ಕನ್ನು ಓರೆ ಕೂರಿಸುತ್ತದೆ. ಅನೇಕ ಗಾಡಿಗಳಲ್ಲಿ ಸಹಿಸಬಹುದಾದ ಓರೆ 0.05 ಮಿ.ಮೀ. ಆಸುಪಾಸು ಮಾತ್ರ. ಇದರ ಫಲ ಅಂದೇ ಕಾಣುವುದಿಲ್ಲ. ಪ್ಯಾಡ್ ಪ್ರತಿ ಸುತ್ತಿಗೂ ಒಂದೇ ಜಾಗಕ್ಕೆ ತಾಗಿ ತಾಗಿ ಡಿಸ್ಕಿನ ದಪ್ಪ ಏರುಪೇರಾಗಿ, ಕೆಲವು ಸಾವಿರ ಕಿ.ಮೀ. ಆದ ಮೇಲೆ ಪೆಡಲ್ ನಡುಗಲು ಶುರುವಾಗುತ್ತದೆ. ಆಗ ಎಲ್ಲರೂ ಬಯ್ಯುವುದು ಡಿಸ್ಕನ್ನು.

ಪಿನ್, ಕ್ಲಿಪ್, ಗ್ರೀಸ್

ಪಿನ್ನುಗಳನ್ನು ಬ್ರಾಕೆಟ್ಟಿನಿಂದ ಹೊರಗೆಳೆಯಿರಿ, ರಬ್ಬರ್ ಬೂಟ್ ಹರಿಯದಂತೆ. ಎಷ್ಟೋ ಗಾಡಿಗಳಲ್ಲಿ ಎರಡು ಪಿನ್ನುಗಳು ಒಂದೇ ಥರ ಇರುವುದಿಲ್ಲ. ಒಂದರ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ, ಅಥವಾ ಒಂದು ಬದಿ ಚಪ್ಪಟೆಯಾಗಿರುತ್ತದೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೇ ಹೋಗಬೇಕು. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಪಿನ್ ಹೋಗುವ ರಂಧ್ರವನ್ನೂ ಸಣ್ಣ ಬ್ರಷ್ಷಿನಿಂದ ತೊಳೆಯಿರಿ. ಪಿನ್ನಿನಲ್ಲಿ ತುಕ್ಕಿನ ಗುಂಡಿಗಳಿದ್ದರೆ ಉಜ್ಜಿ ನುಣುಪು ಮಾಡಿದರೂ ಬಾಳುವುದಿಲ್ಲ, ಹೊಸದು ಹಾಕಿ. ಹೊಸ ಗ್ರೀಸ್ ತೆಳುವಾಗಿ ಸಾಕು. ರಂಧ್ರದ ತುಂಬ ಗ್ರೀಸ್ ತುಂಬಿದರೆ ಒಳಗೆ ಸಿಕ್ಕಿದ ಗಾಳಿಯೇ ಪಿನ್ನನ್ನು ಹೊರಕ್ಕೆ ತಳ್ಳುತ್ತದೆ. ಹಾಕಿದ ಮೇಲೆ ಬೂಟಿನ ಅಂಚು ತನ್ನ ಕೊರೆಯಲ್ಲಿ ಕೂತಿದೆಯೇ ಬೆರಳಾಡಿಸಿ ನೋಡಿ. ಕೂರದ ಬೂಟಿನೊಳಗೆ ನೀರು ಹೋಗಿ, ಮತ್ತೆ ಮೊದಲಿನ ಕಥೆ.

ಬ್ರಾಕೆಟ್ಟಿನ ಸ್ಟೀಲ್ ಕ್ಲಿಪ್ ತೆಗೆದು ಅದರ ಕೆಳಗೆ ನೋಡಿ. ತುಕ್ಕು ಉಬ್ಬಿ ಕ್ಲಿಪ್ಪನ್ನು ಎತ್ತಿರುತ್ತದೆ, ಪ್ಯಾಡ್ ಬಿಗಿಯಾಗುವುದು ಅದರಿಂದಲೇ. ಅಲ್ಲಿ ತಂತಿ ಬ್ರಷ್ ಸಾಲದಿದ್ದರೆ ಅರ ಹಾಕಿ, ತುಕ್ಕನ್ನಷ್ಟೇ ತೆಗೆಯಿರಿ, ಲೋಹವನ್ನಲ್ಲ. ಪ್ಯಾಡಿನ ಕಿವಿಯನ್ನು ಅರದಿಂದ ಸವೆಸಿ ಕೂರಿಸುವುದು ಅಡ್ಡದಾರಿ. ಅದರ ಮೇಲೆ ಬಳಿದ ಬಣ್ಣ ಅತಿ ದಪ್ಪವಾಗಿದ್ದರೆ ಮಾತ್ರ ಅಷ್ಟನ್ನು ಕೆರೆಯಬಹುದು.

ಪಿಸ್ಟನ್ ಹಿಂದಕ್ಕೆ ಒತ್ತುವುದು

ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನ್ ಪೂರ್ತಿ ಒಳಗೆ ಹೋಗಬೇಕು. ಒತ್ತಿದಷ್ಟೂ ಆಯಿಲ್ ವಾಪಸ್ ಡಬ್ಬಿಗೆ ಏರುತ್ತದೆ. ಹಿಂದೆ ಯಾರಾದರೂ ಸವೆದ ಪ್ಯಾಡಿನ ಮೇಲೆ ಆಯಿಲ್ ತುಂಬಿಸಿದ್ದರೆ ಅದು ಉಕ್ಕಿ ಇಂಜಿನ್ ಬೇಯ ಮೇಲೆ ಹರಿದು ಪೇಂಟ್ ಕಿತ್ತುಹಾಕುತ್ತದೆ. ಮೊದಲೇ ಮುಚ್ಚಳ ತೆಗೆದು, ಮಟ್ಟ ಮೇಲಿದ್ದರೆ ಸಿರಿಂಜಿನಿಂದ ಸ್ವಲ್ಪ ಎಳೆದುಬಿಡಿ. ಚೆಲ್ಲಿದರೆ ಒರೆಸಿದರೆ ಸಾಲದು, ನೀರು ಹಾಕಿ ತೊಳೆಯಿರಿ.

ಒತ್ತುವ ಮುನ್ನ ಪಿಸ್ಟನ್ನಿನ ರಬ್ಬರ್ ಬೂಟ್ ಹರಿದಿದೆಯೇ, ಒಳಗೆ ತೇವವಿದೆಯೇ ನೋಡಿ. ಹರಿದಿದ್ದರೆ ಕ್ಯಾಲಿಪರ್ ಓವರ್‌ಹಾಲ್ ಆಗಬೇಕು. ಹೊರಗಿರುವ ಪಿಸ್ಟನ್ನಿನ ಮೈ ಒರೆಸಿ, ಹಳೆಯ ಪ್ಯಾಡೊಂದನ್ನು ಅದರ ಮುಖಕ್ಕೆ ಇಟ್ಟು, ಸಿ ಕ್ಲಾಂಪಿನಿಂದ ನಿಧಾನವಾಗಿ ತಿರುಗಿಸಿ. ಸಮನಾದ ಬಿಗಿಯಲ್ಲಿ ಒಳಗೆ ಹೋಗಬೇಕು. ಓರೆಯಾಗುತ್ತಿದೆ ಅನ್ನಿಸಿದರೆ ನಿಲ್ಲಿಸಿ ನೇರ ಮಾಡಿ. ಬಲ ಹಾಕಿದರೂ ಹೋಗದ ಪಿಸ್ಟನ್ ಜಾಮ್ ಆಗಿದೆ, ಅದರ ಮೇಲೆ ಹೊಸ ಪ್ಯಾಡ್ ಹಾಕುವುದು ವ್ಯರ್ಥ.

ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ಸೀಲ್ ಬ್ರೇಕ್ ಒತ್ತಿದಾಗ ಸ್ವಲ್ಪ ತಿರುಚಿಕೊಂಡು, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಅದೇ, ಬೇರೆ ಸ್ಪ್ರಿಂಗ್ ಇಲ್ಲ. ಹಳೆಯದಾಗಿ ಗಡುಸಾದ ಸೀಲ್ ಈ ಕೆಲಸ ಮಾಡುವುದಿಲ್ಲ, ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿರುತ್ತದೆ.

ಹಿಂದಿನ ಚಕ್ರವಾದರೆ

ಹಿಂದಿನ ಕೆಲಸಕ್ಕೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಅಡ್ಡ ಕೊಡಬೇಕಾದದ್ದು ಮುಂದಿನ ಚಕ್ರಗಳಿಗೆ. ಹ್ಯಾಂಡ್ ಬ್ರೇಕ್ ಕೇಬಲ್ ನೇರವಾಗಿ ಕ್ಯಾಲಿಪರಿಗೇ ಬಂದಿದ್ದರೆ ಒಳಗಿನ ಪಿಸ್ಟನ್ ಸ್ಕ್ರೂ ಥರದ್ದು. ಅದನ್ನು ಕ್ಲಾಂಪಿನಿಂದ ಒತ್ತಿದರೆ ಒಳಗಿನ ಯಂತ್ರ ಒಡೆಯುತ್ತದೆ. ವೈಂಡ್-ಬ್ಯಾಕ್ ಟೂಲಿನಿಂದ ಒತ್ತುತ್ತಾ ತಿರುಗಿಸಬೇಕು, ಹೆಚ್ಚಾಗಿ ಗಡಿಯಾರದ ದಿಕ್ಕಿಗೆ, ಕೆಲವು ಗಾಡಿಗಳಲ್ಲಿ ಒಂದು ಬದಿಯದು ವಿರುದ್ಧ ದಿಕ್ಕಿಗೆ. ಪಿಸ್ಟನ್ ಮುಖದ ಕಚ್ಚು ಪ್ಯಾಡಿನ ಬೆನ್ನಿನಲ್ಲಿರುವ ಮೊಳೆಗೆ ಸರಿಹೊಂದುವಂತೆ ನಿಲ್ಲಿಸಿ.

ಬಟನ್ ಒತ್ತಿ ಹಾಕುವ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ, ಕ್ಯಾಲಿಪರ್ ಮುಟ್ಟುವ ಮೊದಲೇ ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು. ಅನೇಕ ಗಾಡಿಗಳಿಗೆ ಇದಕ್ಕೆ ಸ್ಕ್ಯಾನರ್ ಬೇಕು. ಅದು ಕೈಯಲ್ಲಿಲ್ಲದಿದ್ದರೆ ಹಿಂದಿನ ಪ್ಯಾಡಿನ ಕೆಲಸವನ್ನು ಗ್ಯಾರೇಜಿಗೆ ಬಿಡುವುದು ಲಾಭದ ಲೆಕ್ಕ.

ಜೋಡಿಸುವುದು

ಹೊಸ ಕ್ಲಿಪ್ ಕೂರಿಸಿ. ಪ್ಯಾಡಿನ ಕಿವಿ ಕ್ಲಿಪ್ಪಿಗೆ ತಾಗುವಲ್ಲಿ, ತಟ್ಟೆಯ ಬೆನ್ನು ಪಿಸ್ಟನ್ನಿಗೂ ಕ್ಯಾಲಿಪರಿನ ಬೆರಳುಗಳಿಗೂ ತಾಗುವಲ್ಲಿ ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ಉಗುರಿನಷ್ಟು, ತೆಳುವಾಗಿ ಸವರಿ. ಬೆನ್ನಿಗೆ ರಬ್ಬರ್ ಅಥವಾ ಅಂಟಿನ ಶಿಮ್ (ಸದ್ದು ತಡೆಯುವ ತೆಳು ಹಾಳೆ) ಬಂದಿದ್ದರೆ ಅಲ್ಲಿ ಗ್ರೀಸ್ ಬೇಡ. ಪ್ಯಾಡಿನ ಮುಖಕ್ಕೆ ಗ್ರೀಸ್ ಕೈ ತಾಗಬಾರದು, ಕೈಗವಸು ಬದಲಿಸಿಕೊಂಡೇ ಹಿಡಿಯಿರಿ.

ಸದ್ದಿನ ನಾಲಿಗೆ ಇರುವುದು ಒಳಗಿನದೋ ಹೊರಗಿನದೋ, ಮೇಲಕ್ಕೋ ಕೆಳಕ್ಕೋ ಎಂಬುದನ್ನು ಫೋಟೋ ನೋಡಿ ಹಾಕಿ. ಬೆನ್ನಿನ ಮೇಲೆ ಬಾಣದ ಗುರುತಿದ್ದರೆ ಅದು ಗಾಡಿ ಮುಂದೆ ಹೋಗುವಾಗ ಡಿಸ್ಕ್ ತಿರುಗುವ ದಿಕ್ಕು. ಕ್ಯಾಲಿಪರ್ ಇಳಿಸುವಾಗ ಹೋಸ್ ತಿರುಚಿಕೊಂಡಿಲ್ಲವೇ ನೋಡಿಕೊಳ್ಳಿ. ಸಣ್ಣ ಬೋಲ್ಟುಗಳ ಬಿಗಿ ಬಹಳ ಗಾಡಿಗಳಲ್ಲಿ 25ರಿಂದ 40 ನ್ಯೂಟನ್ ಮೀಟರ್, ಬ್ರಾಕೆಟ್ಟಿನ ದೊಡ್ಡ ಬೋಲ್ಟುಗಳದ್ದು 80ರಿಂದ 120ರ ನಡುವೆ. ನಿಖರ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ಲಿನದೇ ಆಗಬೇಕು. ಸಣ್ಣ ಬೋಲ್ಟ್ ಹೀಗೆ ಕಡಿಮೆ ಬಿಗಿಯದು ಎಂದು ಗೊತ್ತಿಲ್ಲದೆ ಉದ್ದ ಹಿಡಿ ಹಾಕಿ ತಿರುಗಿಸಿ ಮುರಿಯುವುದು ಸಾಮಾನ್ಯ. ಹೊಸ ಬೋಲ್ಟನ್ನೇ ಹಾಕಬೇಕು ಎಂದು ಹೇಳಿರುವ ಗಾಡಿಗಳಿಗೆ ಹಳೆಯದನ್ನು ಮತ್ತೆ ಹಾಕಬೇಡಿ.

ಚಕ್ರ ಹಾಕಿ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಡಿ. ಇನ್ನೊಂದು ಬದಿಯನ್ನೂ ಇದೇ ಕ್ರಮದಲ್ಲಿ ಮುಗಿಸಿ.

ಇಂಜಿನ್ ಶುರು ಮಾಡುವ ಮುನ್ನ ಪೆಡಲ್

ಪಿಸ್ಟನ್ ಪೂರ್ತಿ ಒಳಗಿದೆ, ಪ್ಯಾಡಿಗೂ ಅದಕ್ಕೂ ನಡುವೆ ಖಾಲಿ ಜಾಗವಿದೆ. ಮೊದಲ ಸಲ ಪೆಡಲ್ ಒತ್ತಿದಾಗ ಅದು ನೆಲದವರೆಗೆ ಹೋಗುತ್ತದೆ, ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಗೇರ್ ಹಾಕಿದವರು ಎದುರಿನ ಗೋಡೆಗೆ ಗುದ್ದಿ ನಿಲ್ಲಿಸಿದ್ದುಂಟು. ಗಾಡಿ ನಿಂತಲ್ಲೇ, ಪೆಡಲ್ ಗಟ್ಟಿಯಾಗುವ ತನಕ ಅರ್ಧರ್ಧ ಒತ್ತುತ್ತಾ ಬನ್ನಿ. ಆಮೇಲೆ ಡಬ್ಬಿಯ ಮಟ್ಟ ನೋಡಿ ಮ್ಯಾಕ್ಸ್ ಗೆರೆ ದಾಟದಂತೆ ಸರಿಪಡಿಸಿ, ಮುಚ್ಚಳ ಹಾಕಿ.

ಆಯಿಲ್ ಸೇರಿಸಬೇಕಾದರೆ ಮುಚ್ಚಳದ ಮೇಲೆ ಬರೆದ ದರ್ಜೆಯದೇ ಇರಲಿ. ಡಾಟ್ 3, ಡಾಟ್ 4, ಡಾಟ್ 5.1 ಒಂದೇ ಜಾತಿಯವು, ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬಹುತೇಕ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಈ ಕಾರಣಕ್ಕೆ. ಇಂಜಿನ್ ಆಯಿಲ್ ತಪ್ಪಿ ಒಂದು ಚಮಚ ಬಿದ್ದರೂ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಪ್ಯಾಡ್ ಪಳಗಿಸುವುದು

ಹೊಸ ಪ್ಯಾಡಿನ ವಸ್ತು ಡಿಸ್ಕಿನ ಮೈಮೇಲೆ ತೆಳು ಪದರವಾಗಿ ಕೂತ ಮೇಲೆಯೇ ಪೂರ್ತಿ ಹಿಡಿತ ಬರುವುದು. ಪ್ಯಾಕೆಟ್ಟಿನ ಮೇಲೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ 50-60 ಕಿ.ಮೀ. ವೇಗದಿಂದ 10-15ಕ್ಕೆ, ಮಧ್ಯಮ ಒತ್ತಡದಲ್ಲಿ, ಎಂಟು-ಹತ್ತು ಸಲ ಇಳಿಸಿ. ಪ್ರತಿ ಸಲದ ನಡುವೆ ಅರ್ಧ ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ. ಪೂರ್ತಿ ನಿಲ್ಲಿಸಬೇಡಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲಿ ಮಾತ್ರ ವಸ್ತು ಅಂಟಿ, ಆಮೇಲೆ ಆ ಜಾಗ ಬಂದಾಗಲೆಲ್ಲ ಪೆಡಲ್ ನಡುಗುತ್ತದೆ. ಕೊನೆಗೆ ಹತ್ತು ನಿಮಿಷ ಬ್ರೇಕ್ ಕಡಿಮೆ ಬಳಸಿ ಓಡಿಸಿ ತಣಿಯಲು ಬಿಡಿ. ಮೊದಲ 200-300 ಕಿ.ಮೀ. ತುರ್ತು ಹೊರತು ಜೋರಾಗಿ ಬ್ರೇಕ್ ಹಾಕಬೇಡಿ. ಈ ಹಂತದಲ್ಲಿ ಸ್ವಲ್ಪ ಸುಟ್ಟ ವಾಸನೆ ಬರುವುದು ಮಾಮೂಲು.

ಆಮೇಲೂ ಸರಿಹೋಗದಿದ್ದರೆ

ಪೆಡಲ್ ಮೆತ್ತಗಿದ್ದು, ಪದೇ ಪದೇ ಒತ್ತಿದರೆ ಗಟ್ಟಿಯಾಗುತ್ತದೆ ಅಂದರೆ ಲೈನಿನಲ್ಲಿ ಗಾಳಿ ಇರಬಹುದು, ಅಥವಾ ಪ್ಯಾಡ್ ಕ್ಲಿಪ್ಪಿನಲ್ಲಿ ಸರಿಯಾಗಿ ಕೂತಿಲ್ಲ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಸೋರಿಕೆ ಇದೆ, ಅಥವಾ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಎರಡರಲ್ಲೂ ಗಾಡಿ ರಸ್ತೆಗೆ ಇಳಿಯಬಾರದು.

ಒಂದು ಬದಿಗೆ ಎಳೆತವಿದ್ದರೆ ಎಳೆಯುವ ಬದಿಯಲ್ಲಿ ಬ್ರೇಕ್ ಚೆನ್ನಾಗಿದೆ, ದೋಷ ಎದುರು ಬದಿಯಲ್ಲಿರುವುದೇ ಹೆಚ್ಚು: ಗ್ರೀಸ್ ತಾಗಿದ ಪ್ಯಾಡ್, ಬಿಗಿದ ಪಿನ್. ಬ್ರೇಕ್ ಹಾಕದೆಯೂ ಎಳೆಯುತ್ತಿದ್ದರೆ ಲೆಕ್ಕ ತಿರುಗುಮುರುಗು, ಎಳೆಯುವ ಬದಿಯ ಬ್ರೇಕ್ ಬಿಡುತ್ತಿಲ್ಲ. ಸ್ವಲ್ಪ ದೂರ ಓಡಿಸಿ ಚಕ್ರಗಳ ಹತ್ತಿರ ಕೈ ತಂದು, ಮುಟ್ಟದೆ, ಬಿಸಿ ಹೋಲಿಸಿದರೆ ಗೊತ್ತಾಗುತ್ತದೆ. ನಿಲ್ಲುವ ಮುನ್ನ ಮಾತ್ರ ಬರುವ ಕೀರಲು ಸದ್ದಿಗೆ ಹೆಚ್ಚಾಗಿ ಕಾರಣ ಹಳೆಯ ಕ್ಲಿಪ್, ಬಿಟ್ಟುಹೋದ ಶಿಮ್, ಅಥವಾ ಅಂಚಿನ ದಿಂಡಿಗೆ ತಾಗುವ ಹೊಸ ಪ್ಯಾಡ್.

50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ. ಅದೇ ಹೊತ್ತಿಗೆ ಬಾನೆಟ್ ಎತ್ತಿ ಆಯಿಲ್ ಮಟ್ಟವನ್ನೂ ನೋಡಿಬಿಡಿ.